ಅರ್ಧ ಟಿಕೆಟ್

ಬೆಳಿಗ್ಗೆ ಆರೂ ಐವತ್ತಕ್ಕೆ ಮೂಡುಬಿದಿರೆ ಬಿಡುತ್ತೇವೆ,
ಫೆಲಿಕ್ಸಣ್ಣ ಸ್ಟೇರಿಂಗಿನಲ್ಲಿ, ನಾನು ಹಿಂದಿನ ಬಾಗಿಲಲ್ಲಿ.
ಒಂಬತ್ತು ವರ್ಷವಾಯಿತು. ಈ ದಾರಿಯ ಊರುಗಳನ್ನು
ಅವುಗಳ ಮಕ್ಕಳಿಂದ ಗುರುತು ಹಿಡಿಯುತ್ತೇನೆ.

ತೋಡಾರಿನ ಹುಡುಗರು ಫುಟ್‌ಬೋರ್ಡು ಬಿಡುವವರಲ್ಲ.
ಎಡಪದವಿನಲ್ಲಿ ಒಬ್ಬಳು ಹತ್ತುತ್ತಾಳೆ, ಎರಡು ಜಡೆ,
ಗುರುಪುರದ ತಿರುವಿಗೆ ಮೊದಲೇ ಬಾಯಿಗೆ ಕರ್ಚೀಫು ಒತ್ತಿ
ನನ್ನ ಮುಖ ನೋಡುತ್ತಾಳೆ. ಸೀಟಿ ಊದುತ್ತೇನೆ.
ಇಡೀ ಬಸ್ಸು ಕಾಯುತ್ತದೆ, ಯಾರೂ ಬೈಯುವುದಿಲ್ಲ.
ಕೈಕಂಬದಲ್ಲಿ ಇಪ್ಪತ್ತೇಳು ಚೀಲ;
ಚೀಲದ ಅಡಿಯಲ್ಲಿ ಮಕ್ಕಳೂ ಉಂಟು ಅಂತ ನಂಬಿ
ಟಿಕೆಟ್ ಹರಿಯಬೇಕು.
ನಂತೂರಿನಲ್ಲಿ ಗಾಡಿ ಕದಲದು. ಒಬ್ಬ ಪುಟ್ಟ
ನಿಂತಲ್ಲೇ ನಿದ್ದೆ ಹೋಗಿ ನನ್ನ ಸೊಂಟಕ್ಕೆ ತಲೆಯಾನಿಸುತ್ತಾನೆ.
ಚಿಲ್ಲರೆ ಬ್ಯಾಗಿನ ಮೇಲೆ ಅವನ ಜೊಲ್ಲು
ಒಣಗುವುದು ವಾಪಸು ಟ್ರಿಪ್ಪಿನಲ್ಲಿ.

"ಮಗುವೇ ಇಲ್ಲ, ಶಾಲೆ ಎಂತಕ್ಕೆ ಈಗ?"
ಹರಿಣಾಕ್ಷಿ ಕೇಳಿದ್ದಳು.
ಮದುವೆಯಾಗಿ ಎಂಟು ತಿಂಗಳು, ಕುಲಶೇಖರದಲ್ಲಿ ಬಾಡಿಗೆ ಕೋಣೆ.
ಅವಳಿಗೆ ಹಂಪನಕಟ್ಟೆಯ ಸೀರೆಯಂಗಡಿಯಿಂದ
ಒಂದೇ ಬಸ್ಸಲ್ಲಿ ಮನೆ ಸಿಗಬೇಕು, ರಾತ್ರಿ ಎಂಟೂವರೆಗೆ.
ನನಗೆ ಬೇಕಾದ್ದು ಬೇರೆ:
ನನ್ನ ಬಸ್ಸು ಹತ್ತಬೇಕಿಲ್ಲದ ಒಂದು ಮಗು.

ಹಾಗೆ ಕಣ್ಣಿಗೆ ಬಿದ್ದದ್ದು ಕುಂಟಲಕಟ್ಟೆ.
ಏಳೂಕಾಲಕ್ಕೆ ಆ ಸ್ಟಾಪಿನಲ್ಲಿ
ಮೀನು ತರಲು ಹೊರಟ ಇಬ್ಬರು ಹೆಂಗಸರು, ಒಬ್ಬ ಸೆಕ್ಯೂರಿಟಿ,
ಹೂವಿನ ಕುಕ್ಕೆ. ಮಕ್ಕಳಿಲ್ಲ. ಒಂದು ದಿನವೂ ಇಲ್ಲ.
ಶಾಲೆ ಹತ್ತಿರ ಇರಬೇಕು, ಅಂದುಕೊಂಡೆ.
ಮಕ್ಕಳು ಹುಲ್ಲಲ್ಲಿ ಚಪ್ಪಲಿ ನೆನೆಸಿಕೊಂಡು ನಡೆದು ಹೋಗುತ್ತಿರಬೇಕು.
ವರ್ಷವಿಡೀ ಹಾಗೆಯೇ ಅಂದುಕೊಂಡೆ.

ರಜೆ ಹಾಕಿ ಇಳಿದೆ ಮೊನ್ನೆ. ಟಿಕೆಟ್ ಕೊಟ್ಟೇ ಇಳಿದೆ,
ಫೆಲಿಕ್ಸಣ್ಣ ನಕ್ಕ.
ಬ್ರೋಕರ್ ರುಕ್ಮಯ ಐದು ಸೆಂಟ್ಸ್ ತೋರಿಸಿದ,
ಮುರಕಲ್ಲಿನ ಪಾಗಾರ, ಮೂಲೆಗೆ ಬಾವಿ.
"ಸೆಂಟ್ಸಿಗೆ ಎರಡು ಹೇಳ್ತಾರೆ, ಒಂದೂ ಮುಕ್ಕಾಲಿಗೆ ಇಳೀಬಹುದು."
ನಾನು ಶಾಲೆ ಎಲ್ಲಿ ಅಂದೆ.

ಉಂಟು ಶಾಲೆ. ಹಂಚು ಹೊಸತು, ಗೋಡೆಗೆ ಭೂಪಟ,
ಜಗಲಿಯಲ್ಲಿ ಸಾಲಾಗಿ ಚಪ್ಪಲಿ, ಎಣಿಸುವಷ್ಟೇ.
ಹಳದಿ ಓಮ್ನಿಗಳು ಆರೂಮುಕ್ಕಾಲಕ್ಕೇ ಒಳದಾರಿಗೆ ಬಂದು
ಉಳಿದವರನ್ನು ತುಂಬಿಕೊಂಡು ಹೋಗುತ್ತವಂತೆ, ನನ್ನ ಬಸ್ಸಿಗಿಂತ ಮೊದಲು.
ಗ್ರೆಟ್ಟಾ ಟೀಚರ್ ಕನ್ನಡಕ ಏರಿಸಿ ರಿಜಿಸ್ಟರ್ ತೆರೆದರು:
"ಒಂದನೇ ಕ್ಲಾಸಿಗಾ? ಮಗುವಿನ ಹೆಸರು?"
ಇಲ್ಲ, ಮಗು ಇನ್ನೂ
ಎಂದೆ. ಅವರು ನಗಲಿಲ್ಲ.
ಪೆನ್ನಿನ ಕ್ಯಾಪು ಹಾಕಲಿಲ್ಲ ಕೂಡ.
"ಒಟ್ಟು ಹನ್ನೊಂದು ಮಕ್ಕಳಿದ್ದಾರೆ, ಐದು ಕ್ಲಾಸಿಗೆ.
ಒಳ್ಳೇ ಶಾಲೆಯಾ ಅಂತ ಕೇಳ್ತೀರಿ ನೀವು.
ನಿಮ್ಮದು ಬರುವಾಗ ಶಾಲೆ ಇರ್ತದಾ ಅಂತ
ನಾನು ಕೇಳ್ತಿದ್ದೇನೆ."
ಒಳಗೆ ಯಾರೋ ಏಳರ ಮಗ್ಗಿ ಹೇಳುತ್ತಿದ್ದರು,
ಏಳೆಂಟಲಿಗೆ ಬಂದು ತಡವರಿಸಿ, ಮತ್ತೆ ಮೊದಲಿನಿಂದ.

ವಾಪಸು ಬಸ್ಸಿನಲ್ಲಿ ಬೇರೆ ಕಂಡಕ್ಟರ್.
ಅವನ ಮೆಶಿನ್ನಿನಲ್ಲೂ ಎರಡನೇ ಸಾಲಿನ ಆ ಗುಂಡಿ,
'ಅರ್ಧ' ಎಂಬ ಅಕ್ಷರ ಅಳಿಸಿಹೋದದ್ದು.
ಎಷ್ಟು ಹೆಬ್ಬೆಟ್ಟು, ಎಷ್ಟು ಮಕ್ಕಳು.
ನನ್ನ ಹೆಬ್ಬೆಟ್ಟು ತೊಡೆಯ ಮೇಲೆ ಸುಮ್ಮನೆ ಒತ್ತುತ್ತಿತ್ತು.

ರಾತ್ರಿ ಬಂಗುಡೆ ಹುರಿಯುತ್ತಾ ಹರಿಣಾಕ್ಷಿ ಎಲ್ಲ ಕೇಳಿದಳು.
ಕನ್ನಡ ಮೀಡಿಯಮ್ಮಾ? ಹೌದು.
"ಅಂಗಡಿಯಲ್ಲಿ ದಿನಕ್ಕೆ ನೂರು ಸಲ
'ನೈಸ್ ಕಲರ್ ಮೇಡಂ' ಹೇಳ್ತೇನೆ.
ಅಷ್ಟು ಇಂಗ್ಲಿಷು ನಾನೇ ಕಲಿಸ್ತೇನೆ ಬಿಡಿ."
ಓಮ್ನಿಯ ಸಂಗತಿಗೆ ಏನೂ ಹೇಳಲಿಲ್ಲ.
ಹನ್ನೊಂದು ಎಂದಾಗ ಮೀನು ಮಗುಚುವ ಕೈ
ಒಂದು ಗಳಿಗೆ ನಿಂತಿತು.
ಆಮೇಲೆ ಕೇಳಿದ್ದು ಇಷ್ಟು:
"ಬಾವಿಯಲ್ಲಿ ನೀರುಂಟಾ?"

ಉಂಟು, ಎಂದೆ.
ಏಪ್ರಿಲ್ಲಿನಲ್ಲಿ ಇನ್ನೊಮ್ಮೆ ಇಣುಕಬೇಕು.